ಕಪನೂರ ಕಾಟಾ

ಡಿಸ್ಕ್ ಇಲ್ಲ ಅಂತದ.

ಇಲ್ಲಂದ್ರ ಹ್ಯಾಂಗ?
ಈಗಷ್ಟೇ ನಾನೇ ಹುಟ್ಟಿಸೀನಿ ಅದನ್ನ,
ಹೊಸ ಮಷಿನ್ನಿನ ಹೊಟ್ಟ್ಯಾಗ
ನಲ್ವತ್ತು ಜಿಬಿ ಅಳದು ಕೊಟ್ಟು.
ಹೆಸರೂ ಇಟ್ಟೀನಿ: ಕಾಟಾ-ಒಂದು.
ಆದ್ರೂ ನೀಲಿ ಮ್ಯಾಲ ಬಿಳಿ ಅಕ್ಷರ,
ಯಾವ ಹಾರ್ಡ್ ಡಿಸ್ಕೂ ಸಿಗಲಿಲ್ಲ,
ಎಫ್ ಮೂರು ಒತ್ತಿ ಹೊರಡಿರಿ.

ಹೊರಗ ಹುಮನಾಬಾದ ರಸ್ತಾದ ತನಕ
ತೊಗರಿ ಲಾರಿ ಹನ್ನೊಂದು.
ಮೊದಲನೇದು ಕಾಟಾದ ಕಬ್ಬಿಣದ ಹಲಗಿ ಮ್ಯಾಲೇ ನಿಂತದ.
ಘೌಸ್‌ಮಿಯಾ ಕ್ಯಾಬಿನ್ನಿನ್ಯಾಗ ಮಲ್ಕೊಂಡಾನ,
ಒಂದು ಕಾಲು ಕಿಡಕಿ ಹೊರಗ.

ಹಳೇ ಕಂಪ್ಯೂಟರ ಸತ್ತು ಮೂರು ದಿನ.
ತೂಕದ ಸಾಫ್ಟ್‌ವೇರ್ ಬರದಾಂವ
ಸೋಲಾಪುರದಾಗ ಅಂಗಡಿ ಮುಚ್ಚಿ ಎಲ್ಲಿಗಿ ಹೋದ್ನೋ.
ಅದು ಎಕ್ಸ್‌ಪಿ ಬಿಟ್ಟು ಬ್ಯಾರೆ ಯಾರ ಮನ್ಯಾಗೂ ಉಣ್ಣಂಗಿಲ್ಲ.
ಅದಕ್ಕ ಹೊಸ ಮಷಿನ್ನಿನ ಒಳಗೇ
ಒಂದು ಹಳೇ ಮಷಿನ್ ಕಟ್ಟಲಾಕತ್ತೀನಿ,
ಮುಟ್ಟಲಾಕ ಬರಲಾರದ್ದು.

"ಡ್ರೈವರ್ ಇಲ್ರೀ ಕಾಕಾ, ಅದಕ್ಕ" ಅಂದೆ.
ಮುನೀಮ ಅಂಬಾರಾಯ ಕಿಡಕಿ ಕಡಿ ನೋಡಿದ.
"ಮಲ್ಕೊಂಡಾನಲ್ಲ ಬೇಟಿ, ಎಬ್ಬಿಸ್ಲೇನು?"

ಎಫ್ ಆರು ಒತ್ತಬೇಕು, ಎರಡು ಉಸರಿನ ಒಳಗ.
ತಪ್ಪಿದ್ರ ಮತ್ತ ಮೊದಲಿಂದ.
ಒತ್ತಿದ್ರ, ಫ್ಲಾಪಿ ಹಾಕು ಅಂತದ.
ಗಂಜಿನ್ಯಾಗೆಲ್ಲ ಹುಡುಕಿದ್ರೂ
ಚಾದ ಗ್ಲಾಸಿನ ಕೆಳಗಿಡಲಾಕೂ ಒಂದು ಫ್ಲಾಪಿ ಸಿಗಂಗಿಲ್ಲ.
ಇಲ್ಲದ ಮಷಿನ್ನಿಗಿ ಇಲ್ಲದ ಫ್ಲಾಪಿ ಮಾಡಿ ಕೊಟ್ಟೆ.
ಬ್ಯಾರೆ ವರ್ಷದ್ದು ಅಂತ ಮಾರಿ ತಿರುವಿತು.

ಕಡೀಗಿ ಡಿಸ್ಕಿನ ವೇಷ ಬದಲ ಮಾಡಿದೆ,
ಹಳೇ ಐಡಿಇ ಕಂಟ್ರೋಲರಿಗಿ ಕಟ್ಟಿದೆ.
ಒಮ್ಮಿಗೇ ಗುರ್ತು ಹಿಡೀತು: ಬಾ, ಕುಂದ್ರು.
ಎಲ್ಲಾ ಹತ್ತಿತು, ಖರೇ.
ಆದ್ರ ಒಂದು ಚೀಟಿ ಹೊರಗ ಬರೂದ್ರಾಗ
ಒಂದು ಬೀಡಿ ಮುಗೀತದ.
ಹನ್ನೊಂದು ಲಾರಿ, ಹನ್ನೊಂದು ಬೀಡಿ,
ಆಮ್ಯಾಲ ಖಾಲಿ ತೂಕಕ್ಕ ಮತ್ತ ಹನ್ನೊಂದು.
ಆಸಿ ಬಿತ್ತು. ಜೋರು ಓಡೋ ಕಂಟ್ರೋಲರಿಗಿ ಹಾಕಿದೆ.
ಸೆವೆನ್ ಬಿ.
ನೀಲಿ.
ನಿನ್ನಿ ಉಂಡ ಮನಿಯವರು
ಇವತ್ತ, ಯಾರು ನೀವು, ಅಂದಂಗ.

ಒಂದು ಜಿಬಿಯ ಸಣ್ಣ ಡಿಸ್ಕ್ ಮಾಡಿದೆ.
ಅದರಾಗ ಏನೂ ಇಲ್ಲ, ಏನೂ ಇಡಂಗಿಲ್ಲ.
ದೊಡ್ಡದನ್ನ ಹಳೇ ವೇಷದಾಗೇ ಬಿಟ್ಟು
ಇದನ್ನಷ್ಟೇ ಹೊಸ ಬಾಗಲಿಗಿ ಕಳಿಸಿದೆ.
ಮೂಲ್ಯಾಗ ಒಂದು ಗುಳ್ಳಿ ಎದ್ದಿತು:
ಹೊಸ ಹಾರ್ಡ್‌ವೇರ್ ಸಿಕ್ಕದ.
ಡ್ರೈವರ್ ಕೇಳಿತು. ಕೊಟ್ಟೆ. ತಿಂತು.

ಅಮ್ಮಿ ಹಿಂಗೇ,
ಮುನಿಸಿಕೊಂಡ ಮಾಮುನ ಮನಿಗಿ ಹೋಗುವಾಗ
ಕೈಯಾಗ ಖಾಲಿ ಡಬ್ಬಿ ಕೊಟ್ಟು
ನನ್ನ ಮುಂದ ಬಿಡ್ತಿದ್ಳು.
ತಾನು ಗಲ್ಲಿ ಮೂಲ್ಯಾಗ, ನಲ್ಲಿ ಹತ್ರ,
ಬಾಗಲ ತೆರಿಯೋ ಸಪ್ಪಳಕ್ಕ ಕಿವಿ ಕೊಟ್ಟು.

ಬಂದ್ ಮಾಡಿ, ದೊಡ್ಡದರ ವೇಷ ಬಿಚ್ಚಿ, ಚಾಲೂ ಮಾಡಿದೆ.
ಹಸರು ಪಟ್ಟಿ ಓಡ್ತು, ಓಡ್ತು.
ನೀಲಿ ಬರಲಿಲ್ಲ. ಬಂತು ತೂಕದ ಡಬ್ಬಿ,
ಅದರಾಗ ಹಲಗಿ ಮ್ಯಾಲಿನ ಲಾರಿ.

ಘೌಸ್‌ಮಿಯಾನ ಕಾಲು ಒಳಗ ಹೋತು.
ಪ್ರಿಂಟರ ಕಿರ್ರ್ ಅಂತು:
ಹತ್ತೊಂಬತ್ತು ಸಾವಿರದ ನಾಕನೂರಾ ಅರವತ್ತು ಕೆಜಿ.
ತಾರೀಖ ಮಾತ್ರ ಎರಡು ಸಾವಿರದ ಎರಡು, ಜನವರಿ ಒಂದು.
ಕಾಕಾ ಜೇಬಿನ ಪೆನ್ನು ತೆಗದು
ಅದನ್ನ ಹೊಡದು ಇವತ್ತಿಂದು ಬರದ.
"ತೂಕ ಖರೇ ಅದಲ್ಲ?"
"ಅದ" ಅಂದೆ.

ಆ ಸಣ್ಣ ಡಿಸ್ಕಿಂದು ಇನ್ನ ಕೆಲಸಿಲ್ಲ,
ತೆಗೀಬಹುದಿತ್ತು.
ಎರಡನೇ ಲಾರಿ ಹಾರ್ನ್ ಹೊಡೀತು.