ನೂರು ಎಣಿಸುವುದು

ಬಿಳಿ ಕಣ ಅನ್ನುತ್ತಾರೆ. ಬಿಳಿ ಎಲ್ಲಿದೆ?
ಬಣ್ಣ ಹೀರಿದ ಮೇಲೆ ಎಲ್ಲವೂ ನೇರಳೆ,
ಹಣ್ಣು ತಿಂದ ಮಕ್ಕಳ ನಾಲಿಗೆಯ ಹಾಗೆ.

ಸಾಗರದ ಆಸ್ಪತ್ರೆ. ಫೆಬ್ರುವರಿ. ಲ್ಯಾಬಿನ ಕಿಟಕಿಯಲ್ಲಿ ಧೂಳು.
ಗಾಜಿನ ಮೇಲೆ ದ್ಯಾವಮ್ಮನ ಒಂದು ಹನಿ,
ಇನ್ನೊಂದು ಗಾಜಿನಂಚಿನಿಂದ ಎಳೆದದ್ದು
ತೆಳ್ಳೇವಿಗಿಂತ ತೆಳ್ಳಗೆ.
ಲಾಂಚ್ ದಾಟಿ, ಎರಡು ಬಸ್ಸು ಬದಲಿಸಿ ಬಂದವಳು.
ಕೊಟ್ಟಿಗೆಗೆ ದರಕು ತರಲು ಕಾನಿಗೆ ಹೋಗಿದ್ದಳಂತೆ,
ಅಲ್ಲಿ ಮಂಗ ಸತ್ತು ಬಿದ್ದಿತ್ತಂತೆ.
"ಕೈಮುಗಿದು ಈಚೆ ಬಂದೆ" ಎಂದಳು.
ಉಣುಗು ಕೈಮುಗಿದವರನ್ನೂ ಬಿಡುವುದಿಲ್ಲ.

ನನಗೆ ಎಣಿಸಲು ಕಲಿಸಿದವರು ಎವರಿಸ್ಟ್ ಸರ್.
ಐದು ಗುಂಡಿಯ ಹಳೇ ಯಂತ್ರ; ನೂರಾದರೆ ಟಿಣ್ ಅನ್ನುತ್ತದೆ.
ಮೊದಲ ಗುಂಡಿಯ ಅಕ್ಷರ ಅವರ ಬೆರಳಿಗೇ ಸವೆದುಹೋಗಿದೆ.
ನ್ಯೂಟ್ರೋಫಿಲ್. ಎಲ್ಲರಿಗಿಂತ ಮೊದಲು ಓಡುವುದು,
ಮೂರು ನಾಲ್ಕು ಹೋಳಾದ ತಿರುಳು, ನಡುವೆ ನೂಲು.
ಬ್ಯಾಕ್ಟೀರಿಯ ನುಂಗಿ, ತಾನೂ ಸತ್ತು,
ಗಾಯದ ಬಾಯಲ್ಲಿ ಕೀವಾಗಿ ಹೊರಬರುವುದು.
"ಕೀವು ಕಂಡರೆ ಮೂಗು ಮುಚ್ಚಬೇಡ ಮಾರಾಯ್ತಿ,
ನಿನಗಾಗಿ ಸತ್ತವರು ಅವರು"
ಎಂದು, ಅದೇ ಉಸಿರಿಗೆ ಚಹಾಕ್ಕೆ ಬನ್ನು ಅದ್ದಿದ್ದರು.

ಇಯೊಸಿನೊಫಿಲ್, ಮೈತುಂಬ ಕಿತ್ತಳೆ ಹರಳು.
ಹೊಟ್ಟೆಹುಳದ ಮೇಲೆ ಅದರ ಕೋಪ.
ನನ್ನ ರಕ್ತದಲ್ಲೂ ಅದು ಜಾಸ್ತಿ: ಹುಳವಿಲ್ಲ, ಬರೀ ಸೀನು.
ನಮ್ಮ ಬೀದಿಯ ಕರಿನಾಯಿ ಎಲೆ ಅಲ್ಲಾಡಿದರೂ
ಬೊಗಳುತ್ತದಲ್ಲ, ಹಾಗೆ.
ಬೇಸೊಫಿಲ್ ಗುಂಡಿ ಮಾತ್ರ ಇನ್ನೂ ಹೊಚ್ಚಹೊಸದು.
ವಾರಕ್ಕೊಮ್ಮೆ ಒತ್ತಿದರೆ ಹೆಚ್ಚು.

ದ್ಯಾವಮ್ಮನ ಗಾಜಿನಲ್ಲಿ ಅಂದು
ಯಾರೂ ಇರಲಿಲ್ಲ.
ಎಣ್ಣೆಹನಿ ಹಾಕಿ ಸರಿಸಿದೆ, ಸರಿಸಿದೆ.
ಕೆಂಪು ಕಣಗಳ ಬಯಲು. ಎಲ್ಲೋ ಒಂದು,
ಸಂತೆ ಎದ್ದ ಮೇಲೂ ಬಸ್ಸು ಸಿಗದೆ ಉಳಿದವನ ಹಾಗೆ.
ಐವತ್ತಕ್ಕೆ ನಿಲ್ಲಿಸಿದೆ. ಟಿಣ್ ಅನ್ನಲಿಲ್ಲ.
ಸಾವಿರದ ಎಂಟುನೂರು ಎಂದು ಬರೆದು
ಅಡಿಗೆ ಎರಡು ಗೆರೆ ಎಳೆದು ಡಾಕ್ಟರಿಗೆ ಫೋನು ಮಾಡಿದೆ.

ರಾತ್ರಿ ಅವಳ ಒಸಡಿನಲ್ಲಿ ರಕ್ತ.
ಈ ಜ್ವರಕ್ಕೆ ಇದೇ ಮದ್ದು ಎಂಬುದಿಲ್ಲ.
ನೀರು ಇಳಿಸುವುದು, ಒದ್ದೆ ಬಟ್ಟೆ ಹಾಕುವುದು, ಕಾಯುವುದು.
ಬರಬೇಕಾದವರು ಒಳಗಿಂದಲೇ ಬರಬೇಕು.

ಒಂಬತ್ತನೆಯ ದಿನ ಬಂದಿದ್ದರು.

ಲಿಂಫೋಸೈಟು, ಮಾಮೂಲಿಗೆ ಉರುಟು, ಮೌನಿ,
ಮೈಯೆಲ್ಲ ತಿರುಳೇ. ಈಗ ನೋಡಿದರೆ
ಊದಿಕೊಂಡು, ನೀಲಿ ಸೆರಗು ಹರಡಿ
ಪಕ್ಕದ ಕೆಂಪು ಕಣಗಳನ್ನು ತಬ್ಬಿ ಕೂತಿವೆ.
ಇವುಗಳಲ್ಲಿ ಕೊಲ್ಲುವುದು ಯಾವುದು,
ವೈರಿಯ ಅಳತೆಗೆ ಕೊಕ್ಕೆ ಮಾಡಿ ಕಳಿಸುವುದು ಯಾವುದು,
ನನ್ನ ಮಸೂರಕ್ಕೆ ಗೊತ್ತಾಗುವುದಿಲ್ಲ.
ದ್ಯಾವಮ್ಮ ಮರೆತ ಎಷ್ಟೋ ವರ್ಷದ ಮೇಲೂ
ಈ ಜ್ವರದ ಮುಖ ನೆನಪಿಡುವುದು ಯಾವುದು, ಅದೂ.

ಮೊನೊಸೈಟು ಬಂದಿತ್ತು, ಎಲ್ಲರಿಗಿಂತ ದಪ್ಪ,
ಗೇರುಬೀಜದ ಹಾಗೆ ಬಾಗಿದ ತಿರುಳು, ಹೊಟ್ಟೆಯಲ್ಲಿ ಗುಳ್ಳೆ.
ಸತ್ತದ್ದು ಕೆಟ್ಟದ್ದು ಬಾಚಿ ತಿನ್ನುವುದು ಅದರ ಕೆಲಸ;
ತಿಂದದ್ದರ ಒಂದು ಚೂರು ಮಾತ್ರ ಎತ್ತಿ ಹಿಡಿದು
ಲಿಂಫೋಸೈಟಿಗೆ ತೋರಿಸುತ್ತದಂತೆ: ಇವನೇ, ನೋಡಿಕೊ.

ತೊಂಬತ್ತೆಂಟು. ತೊಂಬತ್ತೊಂಬತ್ತು.
ನೂರನೆಯದು ಬೇಸೊಫಿಲ್ ಆಗಿದ್ದರೆ ಕತೆ ಚೆನ್ನಾಗಿರುತ್ತಿತ್ತು.
ಆಗಲಿಲ್ಲ. ದಿನವೂ ಕಾಣುವ ನ್ಯೂಟ್ರೋಫಿಲ್.

ಟಿಣ್.

ಹೊರಗೆ ಬೆಂಚಿನಿಂದ ದ್ಯಾವಮ್ಮ,
"ಶಾಲೆ ಬಿಟ್ಟಿತಾ ತಂಗಿ?"
"ಇಲ್ಲಮ್ಮ, ಹಾಜರಿ ಆಯಿತು" ಎಂದೆ.

ಅವಳು ಆಗಲೇ ಯಾರನ್ನೋ ಕೇಳುತ್ತಿದ್ದಳು,
ಕೊನೇ ಲಾಂಚು ಎಷ್ಟು ಗಂಟೆಗೆ ಎಂದು.