ಮೆತ್ತಗಾದ ಹಾಡು

ಮಂಡಕ್ಕಿ ಮೂಟೆಗೆ ಎತ್ತರ ಉಂಟು, ತೂಕವಿಲ್ಲ.
ಹದಿನೆಂಟು ಚೀಲ ಹೇರಿದರೂ ನನ್ನ ಲಗೇಜ್ ಆಟೋ
ಖಾಲಿ ಗಾಡಿಯ ಹಾಗೇ ಕುಣಿಯುತ್ತದೆ.
ಅದಕ್ಕೇ ಇರಬೇಕು,
ಭಟ್ಟಿಯಿಂದ ಮಂಡಿಪೇಟೆಗೆ ದಿನಕ್ಕೆ ಆರು ಸಲ
ಮೇಲಿಂದ ಹಾಡೂ ಹೇರಿಕೊಂಡು ಹೋಗುತ್ತೇನೆ.

ಒಂದು ಹಾಡಿತ್ತು. ಹೆಸರು ಬೇಡ.
ಮೊದಲು ಕೊಳಲು, ಆಮೇಲೆ ಅವಳು.
ಯುಗಾದಿಗೆ ಸಿಕ್ಕಿದ್ದು; ಸಿಕ್ಕಿದ ದಿನವೇ ಹನ್ನೊಂದು ಸಲ ಹಾಕಿದೆ.
ದಸರೆ ಹೊತ್ತಿಗೆ
ಮುಚ್ಚಳ ಮರೆತ ಡಬ್ಬಿಯ ಮಂಡಕ್ಕಿ:
ಹಲ್ಲಿಗೆ ಸಿಗುತ್ತದೆ, ಸದ್ದು ಮಾಡುವುದಿಲ್ಲ.

ಅಳಿಸಲು ಕೈ ಬರಲಿಲ್ಲ.
ಭಟ್ಟಿಯ ಹುಡುಗ ದಾದಾಪೀರ್, ಮೀಸೆ ಇನ್ನೂ ಬರಬೇಕು,
ಹೊಟ್ಟಿನ ಬೂದಿ ಮೆತ್ತಿದ ಬೆರಳಲ್ಲೇ ಮೊಬೈಲು ತೀಡಿ
"ಯಾಕ್ ಅಳಿಸ್ತಿ ಹಾಲೇಶಣ್ಣ? ಅಡಗಿಸಿಡು" ಅಂದ.
ಒಂದು ವಾರವೋ, ತಿಂಗಳೋ, ಮೂರು ತಿಂಗಳೋ
ಎಂದು ಕೇಳಿತು ಮೊಬೈಲು,
ಶಿಕ್ಷೆ ಬರೆಯುವ ಗುಮಾಸ್ತನ ಗತ್ತಿನಲ್ಲಿ.
ಮೂರು ಒತ್ತಿದೆ.
ರೈಲ್ವೆ ಗೇಟು ಬಿದ್ದಾಗ ಬಾಡಿಗೆ ಕೊಡದೆ
ಹಿಂದಿನಿಂದ ಇಳಿದುಹೋಗುವವರ ಹಾಗೆ
ಹಾಡು ಇಳಿದುಹೋಯಿತು.

ಊರು ಅಡಗಿಸಲಿಲ್ಲ.
ಕಬ್ಬಿನಹಾಲಿನ ಅಂಗಡಿಯಲ್ಲಿ ಅದೇ.
ಮದುವೆ ಬ್ಯಾಂಡಿನವರು ಅದನ್ನೇ ಊದಿ ಊದಿ ಸೊಟ್ಟ ಮಾಡಿದರು.
ದೋಸೆ ಹೋಟೆಲಿನ ಚಂದ್ರಪ್ಪ ಬೆಣ್ಣೆಯುಂಡೆ ಇಡುತ್ತ
ಎರಡನೆಯ ಸಾಲು ಗುನುಗಿದಾಗ
ತಡೆಯಲಾರದೆ ಚಟ್ನಿ ಕೇಳಿದೆ.
ಚಟ್ನಿ ಬೇಕಿರಲಿಲ್ಲ.

ಒಂದನ್ನು ಅಡಗಿಸಿದವನಿಗೆ ಇನ್ನೊಂದು ಸುಲಭ.
ದೀಪಾವಳಿಗೆ ನಲವತ್ತು ದಾಟಿತು.
ಒಂದು ಸಂಜೆ ಅಶೋಕ ರಸ್ತೆಯ ಗೇಟಿನಲ್ಲಿ
ಗೂಡ್ಸ್ ಗಾಡಿ ಮುಗಿಯಲೊಲ್ಲದು,
ಮೊಬೈಲು ನೋಡಿದರೆ: ಹಾಡುಗಳಿಲ್ಲ.
ಕೊನೆಯ ಡಬ್ಬಿ ಹೋಯಿತು. ಗೇಟಿನವನು ಇನ್ನೂ ಎತ್ತಲಿಲ್ಲ.
ಆಗ ಕೇಳಿಸಿತು ಬೆನ್ನ ಹಿಂದೆ
ಚಿರ್, ಚಿರ್ ಎಂದು
ಚೀಲದೊಳಗೆ ಮಂಡಕ್ಕಿ ತನ್ನ ಜಾಗ ಹುಡುಕಿಕೊಳ್ಳುವ ಸದ್ದು.
ಹನ್ನೆರಡು ವರ್ಷ ಹೊತ್ತಿದ್ದೇನೆ.
ಬಾಡಿಗೆ ಎಣಿಸಿದ್ದೇನೆ, ಇದನ್ನು ಕೇಳಿರಲಿಲ್ಲ.

ಮೆತ್ತಗಾದದ್ದನ್ನು ಕೊಟ್ರಮ್ಮ ಎಸೆಯುವುದಿಲ್ಲ.
ಬಾಣಲೆ, ಸಣ್ಣ ಉರಿ, ಕೈ ಬಿಡದೆ ಆಡಿಸಬೇಕು.
"ಅವಸರ ಮಾಡಿದ್ರ ಕರಕಾಗ್ತೈತಿ,
ಮರೆತ್ರೂ ಕರಕಾಗ್ತೈತಿ" ಅನ್ನುತ್ತಾಳೆ,
ನನ್ನನ್ನು ನೋಡದೆ.

ಪುಷ್ಯದ ಚಳಿ, ಬೆಳಗಿನ ಐದು,
ಮೊದಲ ಲೋಡು. ಲೆಕ್ಕ ಇಟ್ಟಿರಲಿಲ್ಲ.
ಕೊಳಲು.
ನಾನು ನೆನೆದುಕೊಂಡಿದ್ದಕ್ಕಿಂತ ಗಿಡ್ಡ.
ಅವಳು ಶುರುಮಾಡುವ ಮೊದಲು
ಒಂದು ಸಣ್ಣ ಉಸಿರು ಎಳೆದುಕೊಳ್ಳುತ್ತಾಳೆ,
ಬಿಸಿ ಟೀ ಬಾಯಿಗೆ ತರುವವರ ಹಾಗೆ;
ಅಷ್ಟು ನೂರು ಸಲದಲ್ಲಿ ಅದೆಲ್ಲಿತ್ತೋ.
ಮೂರನೆಯ ಸಾಲು ನನಗೆ ತಪ್ಪಾಗಿ ಬಾಯಿಪಾಠ.
"ದಾರಿ" ಅಂದುಕೊಂಡು ಇಷ್ಟು ದಿನ ಒಳಗೇ ಹಾಡಿಕೊಂಡಿದ್ದೆ,
ಅವಳು "ದೂರ" ಅನ್ನುತ್ತಾಳೆ.
ಅವಳದೇ ಸರಿ ಇರಬೇಕು.
ನನ್ನದನ್ನೂ ಬಿಡಲಾರೆ.

ಮಂಡಿಪೇಟೆಯಲ್ಲಿ ಚೀಲ ಇಳಿಸಿ ಮರಳಿ ಬಂದವನು
ಮೊಬೈಲು ತೆಗೆದು ಒತ್ತಿದೆ: ಒಂದು ವಾರ.
ದಾದಾಪೀರ್ ಇಣುಕಿದ.
"ಚೊಲೋ ಅನಿಸ್ತಲ್ಲ ಅಣ್ಣ, ಮತ್ತ್ಯಾಕ ಅಡಗಿಸ್ತಿ?"

ಅವನು ಸಡಿಲವಾಗಿ ಕಟ್ಟಿದ್ದ
ಬಿಸಿ ಮೂಟೆಯ ಬಾಯಿಗೆ
ನಾನು ಇನ್ನೊಂದು ಸುತ್ತು ದಾರ ಹಾಕಿದೆ.