ಮೂವತ್ತೆರಡರ ಆಚೆ

ಲಾರಿ ತೂಗುವ ನನ್ನ ಕಾಟಾ
ಹತ್ತು ಕೆಜಿಗಿಂತ ಕಮ್ಮಿಯದನ್ನು ಕಾಣುವುದಿಲ್ಲ.
ಪಾರ್ಸೆಲ್ ಬಿಚ್ಚಿ, ಯಾರೂ ನೋಡುತ್ತಿಲ್ಲವೆಂದು
ಅದರ ಮೇಲಿಟ್ಟೆ: ಸೊನ್ನೆ.
ಬೆಳ್ಳುಳ್ಳಿ ಅಂಗಡಿಯ ಷಫಿಯ ತಕ್ಕಡಿಗೆ ಒಯ್ದೆ.
ಒಂದು ಕೆಜಿ ಇನ್ನೂರ ನಲವತ್ತು.
‘ಏನ್ ರೈಟ್ರೇ, ಡಿಕ್ಷನರಿನಾ?’
ಅಲ್ಲ ಮಾರಾಯ, ಸಮಗ್ರ ಕವಿತೆ. ಮೊದಲ ಸಂಪುಟ.
‘ಕೆಜಿ ಎಷ್ಟು ಬಿತ್ತು?’

ಲೆಕ್ಕ ಹಾಕಿದೆ, ನಿಜವಾಗಿ ಹಾಕಿದೆ.
ಪ್ರಕಟಣಾಪೂರ್ವ ಬೆಲೆ ನಾನೂರ ಐವತ್ತು, ಅಂಚೆ ಸೇರಿ.
ಕೆಜಿಗೆ ಮುನ್ನೂರ ಅರವತ್ತೆರಡು ಚಿಲ್ಲರೆ.
ಅವತ್ತಿನ ಬೆಳ್ಳುಳ್ಳಿಗಿಂತ ಅಗ್ಗ.

ಆಗಸ್ಟು. ಸಂತೆಪೇಟೆಯ ದಾರಿ ತುಂಬ ಆಲೂಗೆಡ್ಡೆ ಲಾರಿ,
ಅರಕಲಗೂಡು, ಶಾಂತಿಗ್ರಾಮ, ಜಾವಗಲ್ಲಿನ ಮಣ್ಣು
ಮೂರು ಬಣ್ಣದಲ್ಲಿ ಉದುರಿದೆ ಕಾಟಾದ ತಗಡಿನ ಮೇಲೆ.
ಲಾರಿಗೂ ಲಾರಿಗೂ ನಡುವೆ ಒಂದೊಂದು ಪುಟ.
ಮೊದಲು ಮೂಸಿದೆ.
ಆಮೇಲೆ ಕೊನೆಯಿಂದ: ಮೊದಲ ಸಾಲುಗಳ ಅಕಾರಾದಿ.
‘ನೀನು’ ಎಂದು ಶುರುವಾಗುವವು ಹದಿನೇಳು,
ಗೇಟಿನಲ್ಲಿ ಹಾರ್ನ್ ಒತ್ತುತ್ತ ಸಾಲುಗಟ್ಟಿವೆ.
‘ನಾನು’ ಎರಡೇ.
ಈ ಮನುಷ್ಯನ ಬಗ್ಗೆ ಇಷ್ಟೂ ನನಗೆ ಗೊತ್ತಿರಲಿಲ್ಲ.

ಅನುಬಂಧದಲ್ಲಿ, ಆತನೇ ಕೈಬಿಟ್ಟಿದ್ದ ಎಳೆಯ ಪದ್ಯಗಳು.
ಮಣ್ಣು ಕೊಡವದೆ ಹಾಗೇ ಸುರಿದಿದ್ದಾರೆ ಸಂಪಾದಕರು.
ಕೆಲವು ಹಸಿರುಗಟ್ಟಿವೆ, ಬೇಯುವುದಿಲ್ಲ.
ಇರಲಿ. ತೂಕದಲ್ಲಿ ಕಳೆಯಬೇಡಿ.

ನಾನು ತಡಮಾಡುತ್ತಿದ್ದುದು ಇನ್ನೊಂದಕ್ಕೆ.
ಇಪ್ಪತ್ತಾರು ವರ್ಷದ ಹಿಂದೆ, ಕಟ್ಟಿನಕೆರೆ ಮಾರ್ಕೆಟ್ಟಿನ ಬದಿ
ಗೋಣಿ ಹಾಸಿ ಕೂತ ಮುದುಕನಿಂದ ಮೂರು ರೂಪಾಯಿಗೆ ಕೊಂಡ
ಆತನ ತೆಳು ಪುಸ್ತಕ; ಮೂವತ್ತೆರಡರ ಆಚೆ ಪುಟವಿಲ್ಲ.
ಮೂವತ್ತೆರಡರ ತಳದಲ್ಲಿ ಒಬ್ಬ ಹೆಂಗಸು.
ನಡುರಾತ್ರಿ ಯಾರೋ ತಟ್ಟುತ್ತಾರೆ.
ಬಾಗಿಲು ತೆಗೆಯುತ್ತಾಳೆ, ಯಾರೆಂದು ಕೇಳದೆ
ಅಷ್ಟೇ. ಚುಕ್ಕಿಯೂ ಇಲ್ಲ.

ಆ ಹೊಸ್ತಿಲಿಗೆ ನಾನು ಯಾರ್ಯಾರನ್ನು ಕರೆತರಲಿಲ್ಲ!
ಓಡಿಹೋಗಿದ್ದ ಗಂಡ, ಜಪ್ತಿಯ ಅಮೀನ,
ಹಾದಿ ತಪ್ಪಿದ ಒಂದು ಕರು.
ರಾತ್ರಿ ಪಾಳಿಯಲ್ಲಿ ನಿದ್ದೆಗೆಟ್ಟು ನಾಲ್ಕು ಸಾಲು ಬರೆದೆ,
ಅವಳಿಗೆ ಅಪಮಾನವಾಗದ ಹಾಗೆ,
ತೂಕದ ಚೀಟಿಯ ಬೆನ್ನಿಗೆ.
ಮದುವೆಯಾದ ವರ್ಷ ಒಂದು ಪದ ತಿದ್ದಿದೆ.
ಪರ್ಸಿನಲ್ಲಿ ಮಡಿಕೆ ಸವೆದು ಎಂಟು ಚೂರಾಗಿದೆ ಆ ಚೀಟಿ.

ಇನ್ನೂರ ಹದಿನಾಲ್ಕನೇ ಪುಟ.
ಬಾಗಿಲು ತೆಗೆಯುತ್ತಾಳೆ, ಯಾರೆಂದು ಕೇಳದೆ
ಕೆಳಗೆ ಅರ್ಧ ಪುಟ ಬಿಳಿ.
ಎದುರು ಪುಟದಲ್ಲಿ ಬೇರೆ ಪದ್ಯ, ಯಾವುದೋ ಬಾವಿಯದು.
ತಪ್ಪೊಪ್ಪುಗಳ ಚೀಟಿ ಹುಡುಕಿದೆ, ಟಿಪ್ಪಣಿ ಹುಡುಕಿದೆ,
ಅಕಾರಾದಿಗೆ ಮರಳಿದೆ.
ಮುಗಿದೇ ಇತ್ತು. ಅಲ್ಲೇ, ಮೂವತ್ತೆರಡರಲ್ಲೇ.
ಮೂರು ರೂಪಾಯಿಗೆ ಪೂರ್ತಿ ಕೊಂಡಿದ್ದೆ.

ಸಿಟ್ಟು ಬಂತು, ಯಾರ ಮೇಲೋ.
ಮೂಟೆ ಇಳಿಸಿ ಬೀಡಿ ಹಚ್ಚಿದ ಹಮಾಲಿ ಜವರನಿಗೆ ಓದಿ ಹೇಳಿ
ಆಮೇಲೆ ಏನಾಯ್ತು ಅಂತೀಯ, ಎಂದೆ.
ಹೊಗೆ ಬಿಟ್ಟ. ‘ಕೇಳ್ದಂಗೆ ತೆಗುದ್ಲಲ್ಲ ರೈಟ್ರೆ,
ಇನ್ನೇನಾಗ್ಬೇಕು?’

ಹಾರ್ನ್. ಜಾವಗಲ್ಲಿನ ಲಾರಿ, ಹದಿಮೂರು ಟನ್ನು ನಾನೂರು.
ಚೀಟಿ ಹರಿದು ಕೊಟ್ಟೆ.
ನನ್ನ ನಾಲ್ಕು ಸಾಲು ಈಗ ಯಾವ ಸಂಪುಟದ್ದೂ ಅಲ್ಲ.
ಇನ್ನೂರ ಹದಿನಾಲ್ಕರ ಬಿಳಿಯಲ್ಲಿ ಆ ಎಂಟು ಚೂರು ಜೋಡಿಸಿ,
ಅಂಟಿಸದೆ, ಪುಸ್ತಕ ಮುಚ್ಚಿದೆ.
ಎರಡನೇ ಸಂಪುಟಕ್ಕೆ ನಾಳೆಯೇ ದುಡ್ಡು ಕಳಿಸಬೇಕು,
ಮೂವತ್ತರೊಳಗಾದರೆ ಐವತ್ತು ರೂಪಾಯಿ ಕಡಿಮೆ.